ಹೆಪಟೈಟಿಸ್ ಸಿ ಜೊತೆಗೆ ಪಿಸಿಟಿ: ಲಿವರ್‌ನಲ್ಲಿ ಕಾಣುವ ದೋಷ ಯಾವುದರದ್ದು, ಚಿಕಿತ್ಸೆ ಎಲ್ಲಿಂದ ಶುರು ಮಾಡಬೇಕು?

ಪ್ರಶ್ನೆ: ತಾಲ್ಲೂಕು ವೈದ್ಯ, ಸಿಂಧನೂರು

ಎಲ್ಲರಿಗೂ ನಮಸ್ಕಾರ. ಒಬ್ಬ ರೋಗಿಯ ವಿಷಯದಲ್ಲಿ ಹಿರಿಯರ ಸಲಹೆ ಬೇಕು. ಪಿಸಿಟಿ (ಪಾರ್ಫಿರಿಯಾ ಕ್ಯುಟೇನಿಯಾ ಟಾರ್ಡಾ, ಅಂದರೆ ಲಿವರ್‌ನಲ್ಲಿ ಪಾರ್ಫಿರಿನ್ ಎಂಬ ವಸ್ತು ಕೂಡಿ ಬಿಸಿಲಿಗೆ ಚರ್ಮ ಕೆಡುವ ರೋಗ) ಇರಬಹುದೆಂಬ ಶಂಕೆ. ಗಂಡಸು, ವಯಸ್ಸು 52, ತೂಕ 54 ಕೆಜಿ, ಬಿಸಿಲಲ್ಲಿ ಗದ್ದೆ ಕೆಲಸ. ಎರಡೂ ಕೈಗಳ ಹಿಂಬದಿಯಲ್ಲಿ ನೀರುಗುಳ್ಳೆ ಏಳುತ್ತವೆ, ಒಡೆದು ಹಕ್ಕಳೆ ಕಟ್ಟುತ್ತವೆ. ಸ್ವಲ್ಪ ಉಜ್ಜಿದರೂ ಚರ್ಮ ಸುಲಿದು ಬರುತ್ತದೆ. ಮಾಯ್ದ ಜಾಗದಲ್ಲಿ ಅಕ್ಕಿನುಚ್ಚಿನಷ್ಟು ಬಿಳಿ ಗಂಟುಗಳಿವೆ. ಕಣ್ಣಿನ ಬದಿಗೆ, ಕೆನ್ನೆಯ ಮೇಲ್ಭಾಗಕ್ಕೆ ಕೂದಲು ದಟ್ಟವಾಗಿ ಬಂದಿದೆ. "ಉಚ್ಚಿ ಕೆಂಪಗ ಬರ್ತೈತ್ರಿ" ಅನ್ನುತ್ತಾರೆ. ಕಾಮಣಿ ಇರಬೇಕೆಂದು ಊರಲ್ಲಿ ನಾಟಿ ಔಷಧ ಕುಡಿದಿದ್ದಾರೆ. ಡಿಪ್‌ಸ್ಟಿಕ್‌ನಲ್ಲಿ ಬಿಲಿರುಬಿನ್ ಇಲ್ಲ, ರಕ್ತವೂ ಇಲ್ಲ. ಕುಡಿತ ಇದೆ, ಬೀಡಿಯೂ ಇದೆ.

ರಿಪೋರ್ಟುಗಳು: ಲಿವರ್ ಕಿಣ್ವಗಳಾದ ಎಎಸ್‌ಟಿ 88, ಎಎಲ್‌ಟಿ 96, ಪ್ಲೇಟ್‌ಲೆಟ್ 1.38 ಲಕ್ಷ, ಬಿಲಿರುಬಿನ್ 1.1, ಆಲ್ಬುಮಿನ್ 3.6, ಐಎನ್ಆರ್ (ರಕ್ತ ಹೆಪ್ಪುಗಟ್ಟುವ ಅಳತೆ) 1.1, ಹಿಮೋಗ್ಲೋಬಿನ್ 14.2, ಫೆರಿಟಿನ್ (ಕಬ್ಬಿಣದ ದಾಸ್ತಾನಿನ ಅಳತೆ) 780, ಟ್ರಾನ್ಸ್‌ಫೆರಿನ್ ಸ್ಯಾಚುರೇಶನ್ (ಕಬ್ಬಿಣ ಹೊರುವ ಪ್ರೋಟೀನ್ ಎಷ್ಟು ತುಂಬಿದೆ ಎಂಬುದು) 58 ಶೇಕಡಾ. ಆ್ಯಂಟಿ ಎಚ್‌ಸಿವಿ (ಹೆಪಟೈಟಿಸ್ ಸಿ ಪ್ರತಿಕಾಯ) ಪಾಸಿಟಿವ್, ಆರ್‌ಎನ್‌ಎ (ವೈರಸ್ ಈಗಲೂ ಇದೆಯೇ ಎಂಬ ಪರೀಕ್ಷೆ) ಪಾಸಿಟಿವ್. ಎಚ್‌ಬಿಎಸ್‌ಎಜಿ (ಹೆಪಟೈಟಿಸ್ ಬಿ ಪರೀಕ್ಷೆ) ನೆಗೆಟಿವ್, ಎಚ್‌ಐವಿ ನೆಗೆಟಿವ್. ಮೂತ್ರದ ರಿಪೋರ್ಟಿನಲ್ಲಿ "ಪಾರ್ಫಿರಿನ್ ಪಾಸಿಟಿವ್" ಎಂದಷ್ಟೇ ಬರೆದಿದ್ದಾರೆ, ಪ್ರಮಾಣ ಕೊಟ್ಟಿಲ್ಲ. ಸೋನೋಗ್ರಫಿಯಲ್ಲಿ ಲಿವರ್ ಒರಟಾಗಿದೆ, ನೀರು ತುಂಬಿಲ್ಲ, ಆದರೆ ಒಂದೆರಡು ಸೆಂಟಿಮೀಟರಿನ ನಾಲ್ಕೈದು ಬಿಳಿ ತೇಪೆಗಳಿವೆ. "ಮೆಟಾಸ್ಟಾಸಿಸ್?" (ಬೇರೆಡೆಯಿಂದ ಹರಡಿದ ಕ್ಯಾನ್ಸರ್) ಅಂತ ಪ್ರಶ್ನೆಚಿಹ್ನೆ ಹಾಕಿ ಕಳಿಸಿದ್ದಾರೆ. ಮನೆಯವರು ಗಾಬರಿಯಾಗಿದ್ದಾರೆ.

ಲಿವರ್‌ನ ಈ ಸ್ಥಿತಿಗೆ ವೈರಸ್ ಎಷ್ಟು ಕಾರಣ, ಪಾರ್ಫಿರಿಯಾ ಎಷ್ಟು ಕಾರಣ ಅಂತ ಬಿಡಿಸಿ ಹೇಳುವುದಕ್ಕೆ ದಾರಿ ಇದೆಯೇ? ರಕ್ತ ತೆಗೆಯುವುದು ಮೊದಲೋ, ವೈರಸ್ಸಿನ ಮಾತ್ರೆ ಮೊದಲೋ? ಚರ್ಮ ಬಿಸಿಲಿಗೆ ಹೀಗಾಗಿದೆ ಎಂದು ಲೂಪಸ್ ಶಂಕೆಯಲ್ಲಿ ಹೊರಗಿನ ಕ್ಲಿನಿಕ್ಕಿನಲ್ಲಿ ಹೈಡ್ರಾಕ್ಸಿಕ್ಲೋರೋಕ್ವಿನ್ 200 ಮಿಗ್ರಾಂ ದಿನಕ್ಕೆ ಎರಡು ಬರೆದುಕೊಟ್ಟಿದ್ದಾರೆ. ಮಾತ್ರೆ ಕೊಂಡಿದ್ದಾರೆ, ಇನ್ನೂ ನುಂಗಿಲ್ಲ. ಕೊಡಬಹುದೇ?

ಉತ್ತರ: ಫಿಸಿಷಿಯನ್, ಬಳ್ಳಾರಿ

ಕೊನೆಯ ಪ್ರಶ್ನೆಗೆ ಮೊದಲ ಉತ್ತರ: ಆ ಮಾತ್ರೆ ನುಂಗಿಸಬೇಡ್ರಿ, ಇವತ್ತೇ ಫೋನ್ ಮಾಡಿ ಹೇಳ್ರಿ. ಪಿಸಿಟಿಯಲ್ಲಿ ಯಕೃತ್ತಿನ ಜೀವಕೋಶಗಳು ಪಾರ್ಫಿರಿನ್‌ನಿಂದ ತುಂಬಿಕೊಂಡಿರುತ್ತವೆ. ಕ್ಲೋರೋಕ್ವಿನ್ ಜಾತಿಯ ಔಷಧ ಆ ದಾಸ್ತಾನನ್ನು ಹೊರಗೆ ಎಳೆಯುತ್ತದೆ. ಸಂಧಿವಾತಕ್ಕೆ, ಲೂಪಸ್‌ಗೆ ಕೊಡುವ ಪ್ರಮಾಣದಲ್ಲಿ ಕೊಟ್ಟರೆ ಎಲ್ಲವೂ ಒಮ್ಮೆಲೇ ಹೊರಬಂದು ಕೆಲವೇ ದಿನಗಳಲ್ಲಿ ಜ್ವರ, ವಾಕರಿಕೆ, ಕಡುಗೆಂಪು ಮೂತ್ರ, ಏರಿದ ಎಎಲ್‌ಟಿ, ಎಲ್ಲ ಒಟ್ಟಿಗೆ ಬರುತ್ತವೆ. ಮೊದಲೇ ವೈರಸ್ಸಿನಿಂದ ಸೊರಗಿದ ಲಿವರ್ ಇದು. ಪಿಸಿಟಿಗೆ ಈ ಔಷಧ ಕೊಡುವುದಿದೆ, ಆದರೆ 100 ಮಿಗ್ರಾಂ, ವಾರಕ್ಕೆ ಎರಡೇ ಸಲ. ನಮ್ಮಲ್ಲಿ ಸಾಮಾನ್ಯವಾಗಿ ಸಿಗುವುದು 200ರ ಮಾತ್ರೆ, ಅಂದರೆ ಸೋಮವಾರ ಅರ್ಧ, ಗುರುವಾರ ಅರ್ಧ. ಚೀಟಿಯಲ್ಲಿ ವಾರದ ಹೆಸರು ಬರೆಯದೆ "ಎರಡು ಸಲ" ಎಂದಷ್ಟೇ ಬರೆದರೆ ಔಷಧದ ಅಂಗಡಿಯಲ್ಲಿ ಅದು ದಿನಕ್ಕೆ ಎರಡು ಆಗಿಬಿಡುತ್ತದೆ. ಈ ರೋಗಿಯಲ್ಲಿ ಆ ಸಣ್ಣ ಡೋಸೂ ನನ್ನ ಮೊದಲ ಆಯ್ಕೆ ಅಲ್ಲ.

ಈಗ ಯಾವುದು ಎಷ್ಟು ಕಾರಣ ಅನ್ನುವುದು. ನಿಖರವಾಗಿ ಪಾಲು ಹಂಚಲು ಆಗುವುದಿಲ್ಲ, ಯಾಕೆಂದರೆ ಇವು ಅಕ್ಕಪಕ್ಕದಲ್ಲಿ ಕುಳಿತ ಎರಡು ಬೇರೆ ರೋಗಗಳಲ್ಲ. ಹೀಮ್ (ಹಿಮೋಗ್ಲೋಬಿನ್‌ನಲ್ಲಿ ಕಬ್ಬಿಣ ಹಿಡಿದಿಡುವ ಭಾಗ) ತಯಾರಿಯ ಐದನೆಯ ಕಿಣ್ವ ಯುಆರ್‌ಒಡಿ. ಅದರ ಕೆಲಸ ಲಿವರ್‌ನಲ್ಲಿ ಶೇಕಡಾ 20ಕ್ಕಿಂತ ಕೆಳಗೆ ಇಳಿದಾಗ ಚರ್ಮದಲ್ಲಿ ರೋಗ ಕಾಣುತ್ತದೆ. ಸುಮಾರು ಐದರಲ್ಲಿ ನಾಲ್ಕು ಜನರಿಗೆ ಆ ಜೀನ್‌ನಲ್ಲಿ ದೋಷವೇ ಇರುವುದಿಲ್ಲ. ಲಿವರ್‌ನಲ್ಲಿ ಕಬ್ಬಿಣ ಹೆಚ್ಚಿದ್ದು, ಜೊತೆಗೆ ಆಕ್ಸಿಡೇಟಿವ್ ಒತ್ತಡ ಇದ್ದಾಗ ಯುರೋಪಾರ್ಫಿರಿನೋಜೆನ್‌ನಿಂದಲೇ ಕಿಣ್ವವನ್ನು ಅಡ್ಡಗಟ್ಟುವ ಒಂದು ವಸ್ತು ಹುಟ್ಟುತ್ತದೆ. ಹೆಪಟೈಟಿಸ್ ಸಿ ವೈರಸ್ ಕಬ್ಬಿಣ ಹೀರುವುದಕ್ಕೆ ಕಡಿವಾಣ ಹಾಕುವ ಹೆಪ್ಸಿಡಿನ್ ಹಾರ್ಮೋನನ್ನು ತಗ್ಗಿಸುತ್ತದೆ, ಕರುಳು ಕಬ್ಬಿಣವನ್ನು ಹೆಚ್ಚು ಹೀರುತ್ತದೆ. ಕುಡಿತವೂ ಅದನ್ನೇ ಮಾಡುತ್ತದೆ. ಹೀಗೆ ವೈರಸ್ ಕಬ್ಬಿಣ ಕೂಡಿಸುತ್ತದೆ, ಕಬ್ಬಿಣ ಕಿಣ್ವವನ್ನು ನಿಲ್ಲಿಸುತ್ತದೆ, ಪಾರ್ಫಿರಿನ್ ಮತ್ತು ಕಬ್ಬಿಣ ಸೇರಿ ಜೀವಕೋಶವನ್ನು ಕೆಡಿಸುತ್ತವೆ. ಇಟಲಿ, ಸ್ಪೇನ್ ಕಡೆಯ ಅಧ್ಯಯನಗಳಲ್ಲಿ ಪಿಸಿಟಿ ರೋಗಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಜನರಿಗೆ ಹೆಪಟೈಟಿಸ್ ಸಿ ಇತ್ತು, ಉತ್ತರ ಯುರೋಪಿನಲ್ಲಿ ಅಷ್ಟಿಲ್ಲ. ಹೆಪಟೈಟಿಸ್ ಬಿ ಜೊತೆಗಿನ ನಂಟು ಇದಕ್ಕಿಂತ ಬಹಳ ತೆಳು.

ಕೇಳಬೇಕಾದ ಪ್ರಶ್ನೆ ಬೇರೆ: ಫೈಬ್ರೋಸಿಸ್ (ಲಿವರ್‌ನಲ್ಲಿ ಗಾಯದ ಕಲೆಯಂತೆ ನಾರು ಕಟ್ಟುವುದು) ಎಷ್ಟು ಮುಂದುವರಿದಿದೆ? ನಿಮ್ಮ ಅಂಕಿಗಳನ್ನೇ ಹಾಕಿ ನೋಡೋಣ. ಫಿಬ್-4 ಎಂಬ ಅಂದಾಜು ಲೆಕ್ಕಕ್ಕೆ ವಯಸ್ಸನ್ನು ಎಎಸ್‌ಟಿಯಿಂದ ಗುಣಿಸಿ (52 × 88 = 4576), ಅದನ್ನು ಪ್ಲೇಟ್‌ಲೆಟ್ ಸಾವಿರದ ಲೆಕ್ಕ ಮತ್ತು ಎಎಲ್‌ಟಿಯ ವರ್ಗಮೂಲದ ಗುಣಲಬ್ಧದಿಂದ ಭಾಗಿಸಬೇಕು (138 × 9.8 = 1352). ಉತ್ತರ 3.38. 1.45ಕ್ಕಿಂತ ಕೆಳಗಿದ್ದರೆ ಮುಂದುವರಿದ ಫೈಬ್ರೋಸಿಸ್ ಸಂಭವ ಕಡಿಮೆ, 3.25 ದಾಟಿದರೆ ಹೆಚ್ಚು. ಎಪ್ರಿ ಎಂಬ ಇನ್ನೊಂದು ಲೆಕ್ಕದಲ್ಲಿ, ಎಎಸ್‌ಟಿಯ ಮೇಲ್ಮಿತಿ 40 ಎಂದು ಹಿಡಿದರೆ, 1.59 ಬರುತ್ತದೆ. ಸಿರೋಸಿಸ್ (ನಾರು ಕಟ್ಟಿ ಲಿವರ್ ಗಂಟುಗಂಟಾಗುವ ಮುಂದುವರಿದ ಹಂತ) ಗೆರೆಯಾದ 2ನ್ನು ಅದು ದಾಟಿಲ್ಲ. ಎರಡೂ ಒಂದೇ ಮಾತು ಹೇಳುತ್ತಿಲ್ಲ, ಹಾಗಾಗಿ ಲಿವರ್ ಎಷ್ಟು ಗಟ್ಟಿ ಎಂದು ಅಳೆಯುವ ಫೈಬ್ರೋಸ್ಕ್ಯಾನ್ ಬೇಕು. ಸುಮಾರು 12.5 ಕಿಲೋಪಾಸ್ಕಲ್ ದಾಟಿದರೆ ಸಿರೋಸಿಸ್ ಎಂದೇ ನಡೆಯಿರಿ. ಬರುವ ಮೂರು ಗಂಟೆ ಮೊದಲು ಏನೂ ತಿನ್ನಬಾರದು, ಹಿಂದಿನ ದಿನಗಳಲ್ಲಿ ಕುಡಿದಿರಬಾರದು. ಊಟವಾದ ಮೇಲೆ ಅಥವಾ ಉರಿಯೂತ ಜೋರಾಗಿರುವಾಗ ಅಂಕಿ ಸುಳ್ಳಾಗಿ ಏರುತ್ತದೆ.

ಫೆರಿಟಿನ್ 780 ನೋಡಿ ಅಷ್ಟೂ ಕಬ್ಬಿಣ ಎಂದುಕೊಳ್ಳಬೇಡಿ. ಹೆಪಟೈಟಿಸ್‌ನಲ್ಲಿ ಜೀವಕೋಶ ಒಡೆದರೂ ಫೆರಿಟಿನ್ ಏರುತ್ತದೆ, ಕುಡಿತಕ್ಕೂ ಏರುತ್ತದೆ. ಇವರಿಗೆ ಸ್ಯಾಚುರೇಶನ್ ಕೂಡ 58 ಇರುವುದರಿಂದ ಕಬ್ಬಿಣದ ಮಾತು ನಂಬಬಹುದು, ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ತೆಗೆದ ಸ್ಯಾಂಪಲ್ ಆಗಿದ್ದರೆ. ಆನುವಂಶಿಕವಾಗಿ ಕಬ್ಬಿಣ ಕೂಡುವ ಕಾಯಿಲೆ (ಹೆಮೊಕ್ರೊಮಟೋಸಿಸ್) ಹುಡುಕುವ ಎಚ್‌ಎಫ್‌ಇ ಜೀನ್ ಪರೀಕ್ಷೆಗೆ ರೋಗಿಯ ದುಡ್ಡು ಖರ್ಚು ಮಾಡಿಸಬೇಡಿ. ಯುರೋಪಿನವರಲ್ಲಿ ಮುಖ್ಯವಾದ ಸಿ282ವೈ ರೂಪಾಂತರ ನಮ್ಮಲ್ಲಿ ಬಹಳ ಅಪರೂಪ.

ಬಿಳಿ ತೇಪೆಗಳ ವಿಷಯ. ಪಿಸಿಟಿಯಲ್ಲಿ ಕೊಬ್ಬು ಅಲ್ಲಲ್ಲಿ ಗುಂಪಾಗಿ ಕೂತು ಸೋನೋಗ್ರಫಿಯಲ್ಲಿ ಇಂಥ ತೇಪೆಗಳು ಕಾಣುವುದು, ಚಿಕಿತ್ಸೆಯಾದ ಮೇಲೆ ಮಾಯವಾಗುವುದು ದಾಖಲಾಗಿದೆ. ರಕ್ತನಾಳ ತೇಪೆಯೊಳಗೇ ನೇರವಾಗಿ ಹಾದುಹೋಗುತ್ತದೆ, ಪಕ್ಕಕ್ಕೆ ತಳ್ಳಿಸಿಕೊಂಡಿರುವುದಿಲ್ಲ. ಮನೆಯವರಿಗೆ ಈ ಧೈರ್ಯ ಹೇಳಿ. ಆದರೆ ಅಷ್ಟಕ್ಕೇ ನಂಬಿ ಕೂರಲು ಆಗದು. ಸಿರೋಸಿಸ್ ಇರಬಹುದಾದ, ವೈರಸ್ ಇರುವ, ಕಬ್ಬಿಣ ತುಂಬಿದ ಲಿವರ್‌ನಲ್ಲಿ ಕ್ಯಾನ್ಸರ್ ಗಂಟು ಹುಟ್ಟುವ ಸಾಧ್ಯತೆ ನಿಜವಾಗಿಯೂ ಹೆಚ್ಚು. ಚಿಕಿತ್ಸೆ ಮುಗಿಯಲಿ ಎಂದು ಕಾಯದೆ ಈಗಲೇ ಮೂರು ಹಂತದ ಸಿಟಿ ಅಥವಾ ಎಂಆರ್‌ಐ ಮಾಡಿಸಿ, ಎಎಫ್‌ಪಿ (ಲಿವರ್ ಕ್ಯಾನ್ಸರ್‌ಗೆ ನೋಡುವ ರಕ್ತ ಪರೀಕ್ಷೆ) ನೋಡಿ. ಧಮನಿ ಹಂತದಲ್ಲಿ ಹೊಳೆದು ನಂತರದ ಹಂತದಲ್ಲಿ ಮಂಕಾಗುವ ಗಂಟು ಕಂಡರೆ ದಾರಿಯೇ ಬೇರೆ. ಎಂಆರ್‌ಐ ಆದರೆ ಕಬ್ಬಿಣದ ಅಂದಾಜು, ಕೊಬ್ಬಿನ ಅಂದಾಜು ಎರಡೂ ಅದರಲ್ಲೇ ಸಿಗುತ್ತವೆ.

ಮಾತ್ರೆ ಮೊದಲೋ ರಕ್ತ ಮೊದಲೋ: ಇಂಟರ್‌ಫೆರಾನ್, ರಿಬಾವಿರಿನ್ ಕಾಲದಲ್ಲಿ ಮೊದಲು ಕಬ್ಬಿಣ ಇಳಿಸಿ ಆಮೇಲೆ ವೈರಸ್ಸಿಗೆ ಕೈ ಹಾಕುತ್ತಿದ್ದರು. ರಿಬಾವಿರಿನ್ ಕೆಂಪು ಕಣ ಒಡೆದು ಕಬ್ಬಿಣವನ್ನು ಲಿವರ್‌ಗೇ ಸುರಿಯುತ್ತಿತ್ತು, ಪಿಸಿಟಿ ಕೆರಳುತ್ತಿತ್ತು. ಈಗಿನ ಮಾತ್ರೆಗಳಲ್ಲಿ ಆ ತೊಂದರೆ ಇಲ್ಲ. ವೈರಸ್ ಹೋದ ಮೇಲೆ ರಕ್ತ ತೆಗೆಯದೆಯೇ ಪಾರ್ಫಿರಿನ್ ಇಳಿದ ರೋಗಿಗಳ ವರದಿಗಳಿವೆ. ಇವರಿಗೆ ಫೈಬ್ರೋಸಿಸ್ ಮುಂದುವರಿದಿರುವ ಲಕ್ಷಣ ಇರುವುದರಿಂದ ನನ್ನ ಮತ ಮಾತ್ರೆಯ ಕಡೆಗೆ. ಗುಳ್ಳೆ ಜೋರಾಗಿ ಏಳುತ್ತಿದ್ದು ಕೈ ಬಳಸಲಿಕ್ಕೇ ಆಗದಿದ್ದರೆ, ಮಾತ್ರೆಗೆ ಓಡಾಡುವ ಅವಧಿಯಲ್ಲೇ ಒಂದೆರಡು ಸಲ ರಕ್ತ ತೆಗೆಸಬಹುದು.

2018ರ ಜುಲೈ 28ರಂದು ಶುರುವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಲ್ಲಿ ಈ ಮಾತ್ರೆ ಉಚಿತ. ಸಿರೋಸಿಸ್ ಇಲ್ಲದಿದ್ದರೆ ಸೊಫೊಸ್ಬುವಿರ್ 400 ಮತ್ತು ಡಕ್ಲಾಟಾಸ್ವಿರ್ 60, 12 ವಾರ. ಹಿಡಿತದಲ್ಲಿರುವ ಸಿರೋಸಿಸ್ ಆದರೆ ಸೊಫೊಸ್ಬುವಿರ್ 400 ಮತ್ತು ವೆಲ್ಪಟಾಸ್ವಿರ್ 100, 12 ವಾರ. ನಿಮ್ಮ ಅಂಕಿಗಳಲ್ಲಿ ಸಿರೋಸಿಸ್ ತೀವ್ರತೆ ಅಳೆಯುವ ಚೈಲ್ಡ್ ಪ್ಯೂ ಸ್ಕೋರ್ 5, ಅಂದರೆ ಎ ವರ್ಗ. ಆಲ್ಬುಮಿನ್ 3.6 ಅಂಚಿನಲ್ಲಿದೆ, ಶುರು ಮಾಡುವ ದಿನ ಮತ್ತೊಮ್ಮೆ ನೋಡಿಕೊಳ್ಳಿ.

ಉತ್ತರ: ಪೆಥಾಲಜಿ, ಬಳ್ಳಾರಿ

ಎಲ್ಲರೂ ಪಿಸಿಟಿ ಎಂದೇ ಮಾತಾಡುತ್ತಿದ್ದೀರಿ. ಕೈ ನೋಡಿದರೆ ಅದೇ ಇರಬೇಕು, ಆದರೆ "ಪಾರ್ಫಿರಿನ್ ಪಾಸಿಟಿವ್" ಅನ್ನುವ ಒಂದು ಸಾಲಿನ ಮೇಲೆ ಡಯಾಗ್ನೋಸಿಸ್ ನಿಲ್ಲುವುದಿಲ್ಲ. ಹೆಪಟೈಟಿಸ್, ಕುಡಿತ, ಪಿತ್ತ ತಡೆ, ಇವುಗಳಲ್ಲಿ ಯಾವುದಿದ್ದರೂ ಮೂತ್ರದಲ್ಲಿ ಕೊಪ್ರೊಪಾರ್ಫಿರಿನ್ ಏರುತ್ತದೆ. ಅದು ಪಾರ್ಫಿರಿಯಾ ಅಲ್ಲ. ಹೆಪಟೈಟಿಸ್ ಸಿ ಇರುವವರ ಮೂತ್ರವನ್ನು ಸುಮ್ಮನೆ ಪರೀಕ್ಷಿಸಿ ಪಾರ್ಫಿರಿಯಾ ಹಣೆಪಟ್ಟಿ ಹಚ್ಚುವ ತಪ್ಪು ಇಲ್ಲೇ ಆಗುತ್ತದೆ. ಪಿಸಿಟಿಯಲ್ಲಿ ಏರುವುದು ಮುಖ್ಯವಾಗಿ ಯುರೋಪಾರ್ಫಿರಿನ್ ಮತ್ತು ಏಳು ಕಾರ್ಬಾಕ್ಸಿಲ್ ಇರುವ ಪಾರ್ಫಿರಿನ್, ಮಲದಲ್ಲಿ ಐಸೊಕೊಪ್ರೊಪಾರ್ಫಿರಿನ್. ಪಿಬಿಜಿ (ಅಕ್ಯೂಟ್ ಪಾರ್ಫಿರಿಯಾದಲ್ಲಿ ಏರುವ ವಸ್ತು) ನಾರ್ಮಲ್ ಇರಬೇಕು. ಆದ್ದರಿಂದ ಎಚ್‌ಪಿಎಲ್‌ಸಿಯಲ್ಲಿ ಒಂದೊಂದು ಬಗೆಯ ಪಾರ್ಫಿರಿನ್ ಬೇರ್ಪಡಿಸಿದ ರಿಪೋರ್ಟ್ ಬೇಕೇ ಬೇಕು.

ಸ್ಯಾಂಪಲ್ ಕಳಿಸುವ ಕ್ರಮ: 24 ಗಂಟೆಯ ಮೂತ್ರ ಬೇಡ. ಬೆಳಗಿನದು 20 ಎಂಎಲ್ ಸಾಕು. ಏನೂ ಬೆರೆಸಬೇಡಿ. ಡಬ್ಬಿಗೆ ತಕ್ಷಣ ಅಲ್ಯೂಮಿನಿಯಂ ಹಾಳೆ ಸುತ್ತಿ, ಹೆಸರಿನ ಚೀಟಿಯನ್ನು ಹಾಳೆಯ ಮೇಲೆ ಅಂಟಿಸಿ, ಇಲ್ಲದಿದ್ದರೆ ಹೆಸರು ಓದಲು ಅಲ್ಲಿ ಹಾಳೆ ಬಿಚ್ಚುತ್ತಾರೆ. ಫ್ರೀಜರ್‌ನಲ್ಲಿಟ್ಟು ಐಸ್ ಪ್ಯಾಕ್ ಜೊತೆ ಕಳಿಸಿ. ಸಿಂಧನೂರಿನಿಂದ ಬೆಂಗಳೂರಿಗೆ ರಾತ್ರಿ ಬಸ್ಸಿಗೆ ಹಾಕುವುದೇ ಲೇಸು, ಹಗಲಿನ ಬಸ್ಸಿನಲ್ಲಿ ಡಬ್ಬಿ ಬೆಂದುಹೋಗುತ್ತದೆ. ಕ್ರಿಯೇಟಿನಿನ್ ಕೂಡ ಮಾಡಿಸಿ, ಫಲಿತಾಂಶವನ್ನು ಅದರ ಅನುಪಾತದಲ್ಲಿ ಕೊಡಲು ಕೇಳಿ. ನೀರು ಕಡಿಮೆ ಕುಡಿದು ಗದ್ದೆಯಲ್ಲಿ ದುಡಿಯುವವರ ಮೂತ್ರ ಗಟ್ಟಿ ಇರುತ್ತದೆ, ಅನುಪಾತ ಇಲ್ಲದ ಅಂಕಿ ದಾರಿ ತಪ್ಪಿಸುತ್ತದೆ.

ಅಲ್ಲಿಯವರೆಗೆ ನಿಮ್ಮಲ್ಲೇ ಮಾಡಬಹುದಾದದ್ದು ಒಂದಿದೆ. ಚರ್ಮ ವಿಭಾಗದ ವುಡ್ಸ್ ಲ್ಯಾಂಪ್ (ಅತಿನೇರಳೆ ದೀಪ) ತರಿಸಿ, ಕಿಟಕಿ ಮುಚ್ಚಿ ಕತ್ತಲು ಮಾಡಿ. ಗಾಜಿನ ಟ್ಯೂಬಿನಲ್ಲಿ 5 ಎಂಎಲ್ ಮೂತ್ರಕ್ಕೆ ಕೆಲವು ಹನಿ ತೆಳು ಹೈಡ್ರೋಕ್ಲೋರಿಕ್ ಆಮ್ಲ ಹಾಕಿ, ಪಕ್ಕದಲ್ಲಿ ಆರೋಗ್ಯವಂತರ ಮೂತ್ರ ಇಟ್ಟು ಹೋಲಿಸಿ. ಹವಳದಂಥ ಗುಲಾಬಿ ಕೆಂಪು ಹೊಳಪು ಬಂದರೆ ಪಾರ್ಫಿರಿನ್ ಗಣನೀಯವಾಗಿದೆ. ಹಳದಿ ಹಸಿರು ಹೊಳೆದರೆ ಅದು ಬಿ-ಕಾಂಪ್ಲೆಕ್ಸ್ ಮಾತ್ರೆಯ ರೈಬೋಫ್ಲಾವಿನ್. ಏನೂ ಹೊಳೆಯದಿದ್ದರೆ ರೋಗ ಇಲ್ಲ ಎಂದಲ್ಲ.

ಬಯಾಪ್ಸಿ ಎಲ್ಲರಿಗೂ ಬೇಡ. ಫೈಬ್ರೋಸ್ಕ್ಯಾನ್ ಉತ್ತರ ಸ್ಪಷ್ಟವಿದ್ದರೆ ಇವರಿಗೂ ಬೇಡ. ಮಾಡುವುದೇ ಆದರೆ ತುಣುಕನ್ನು ನೇರ ಫಾರ್ಮಲಿನ್‌ಗೆ ಹಾಕುವ ಮುಂಚೆ ಒಂದು ಕ್ಷಣ ಅದೇ ವುಡ್ಸ್ ಲ್ಯಾಂಪ್ ಕೆಳಗೆ ಹಿಡಿಯಿರಿ. ಪಿಸಿಟಿ ಲಿವರ್‌ನ ಹಸಿ ತುಣುಕು ಕೆಂಪಗೆ ಹೊಳೆಯುತ್ತದೆ. ಬೆಳಕಿಗೆ ಬಿದ್ದಷ್ಟೂ ಆ ಹೊಳಪು ಆರುತ್ತದೆ. ಉದ್ದ ಕನಿಷ್ಠ 1.5 ಸೆಂಟಿಮೀಟರ್ ಇರಲಿ, ಅದಕ್ಕಿಂತ ಚಿಕ್ಕದಾದರೆ ಪೋರ್ಟಲ್ ಟ್ರ್ಯಾಕ್ಟ್ (ಲಿವರ್‌ನೊಳಗೆ ರಕ್ತನಾಳ, ಪಿತ್ತನಾಳ ಹಾಯುವ ಜಾಗ) ಎಣಿಕೆಗೆ ಸಿಗದೆ ಫೈಬ್ರೋಸಿಸ್ ಹಂತ ಕಡಿಮೆ ಬರುತ್ತದೆ. ಲ್ಯಾಬಿಗೆ ಹೇಳಿ ಒಂದು ಸ್ಲೈಡನ್ನು ಬಣ್ಣ ಹಾಕದೆ ಇಡಿಸಿ. ಯುರೋಪಾರ್ಫಿರಿನ್‌ನ ಸೂಜಿಯಂಥ ಹರಳುಗಳು ಜೀವಕೋಶದೊಳಗೆ ಇರುತ್ತವೆ, ನೀರಿನಲ್ಲಿ ಕರಗುವುದರಿಂದ ಮಾಮೂಲಿ ಬಣ್ಣ ಹಾಕುವಾಗ ತೊಳೆದುಹೋಗುತ್ತವೆ. ಬಣ್ಣ ಹಾಕದ ಸ್ಲೈಡನ್ನು ಪೋಲರೈಸ್ಡ್ ಬೆಳಕಿನಲ್ಲಿ ನೋಡಿದರೆ ಸಿಗುತ್ತವೆ.

ಕಬ್ಬಿಣವನ್ನು ತೋರಿಸುವ ಪರ್ಲ್ಸ್ ಬಣ್ಣದಲ್ಲಿ ನೀಲಿ ಕಣಗಳು ಪೋರ್ಟಲ್ ಸುತ್ತಲಿನ ಲಿವರ್ ಜೀವಕೋಶಗಳಲ್ಲಿ ಇರುತ್ತವೆ, ಸಾಮಾನ್ಯವಾಗಿ ಸಾಧಾರಣ ಪ್ರಮಾಣದಲ್ಲಿ. ಹೆಮೊಕ್ರೊಮಟೋಸಿಸ್‌ನಷ್ಟು ಗಾಢ ಅಲ್ಲ. ಪೋರ್ಟಲ್ ಭಾಗದಲ್ಲಿ ಲಿಂಫೋಸೈಟ್ ಗುಂಪು ಕಟ್ಟಿದ್ದರೆ, ಸಣ್ಣ ಪಿತ್ತನಾಳಕ್ಕೆ ಹಾನಿಯಾಗಿದ್ದರೆ ಅದು ಹೆಪಟೈಟಿಸ್ ಸಿ ಕಡೆಗೆ ತೋರಿಸುತ್ತದೆ. ಕೊಬ್ಬಿನ ವಿಷಯದಲ್ಲಿ ಜಾಗ್ರತೆ. ಕೊಬ್ಬು ಕಂಡ ಕೂಡಲೇ "ಕುಡುಕನ ಲಿವರ್" ಎಂದು ಬರೆದುಬಿಡುತ್ತಾರೆ. ಪಿಸಿಟಿಯಲ್ಲೂ ಕೊಬ್ಬು ಇರುತ್ತದೆ, ನಮ್ಮ ದೇಶದಲ್ಲಿ ಹೆಚ್ಚಾಗಿ ಸಿಗುವ ಜೀನೋಟೈಪ್ 3 ವೈರಸ್ ತಾನೇ ಕೊಬ್ಬು ಕೂಡಿಸುತ್ತದೆ. ಇವರಲ್ಲಿ ಮೂರೂ ಕಾರಣ ಇವೆ, ಕೊಬ್ಬಿನ ಹನಿ ನೋಡಿ ಯಾವುದರದ್ದು ಎಂದು ಯಾವ ಪೆಥಾಲಜಿಸ್ಟೂ ಹೇಳಲಾರ.

ಪ್ರಶ್ನೆ ಕೇಳಿದವರು: ಸಿಂಧನೂರು

ತುಂಬಾ ಧನ್ಯವಾದ ಸರ್, ಮೇಡಂ. ಮಾತ್ರೆ ವಾಪಸ್ ಕೊಡಿಸಿದೆ. ವುಡ್ಸ್ ಲ್ಯಾಂಪ್‌ನಲ್ಲಿ ಗುಲಾಬಿ ಹೊಳಪು ಸ್ಪಷ್ಟವಾಗಿ ಬಂತು. ಎಚ್‌ಪಿಎಲ್‌ಸಿಗೆ ಕಳಿಸಿದ್ದೇನೆ. ಒಂದು ಅಡ್ಡಿ ಇದೆ: ಹೆಪಟೈಟಿಸ್ ಸಿ ಪಾಸಿಟಿವ್ ಎಂದ ಕೂಡಲೇ ರಕ್ತ ತೆಗೆಯಲು ಬ್ಲಡ್ ಬ್ಯಾಂಕಿನವರು ಹಿಂದೇಟು ಹಾಕುತ್ತಿದ್ದಾರೆ. ಇನ್ನೊಂದು, ಔಷಧಿ ಹೊಡೆಯುವ ಕೆಲಸದಿಂದ ಹೀಗಾಯಿತೇ ಎಂದು ಮನೆಯವರು ಕೇಳುತ್ತಿದ್ದಾರೆ. ಪಾರ್ಫಿರಿಯಾದವರಿಗೆ ಕೊಡಬಾರದ ಔಷಧಗಳ ಉದ್ದ ಪಟ್ಟಿ ಒಂದು ವಾಟ್ಸ್‌ಆ್ಯಪ್‌ನಲ್ಲಿ ಬಂದಿದೆ, ಅದನ್ನು ಇವರಿಗೂ ಪಾಲಿಸಬೇಕೇ?

ಉತ್ತರ: ರಕ್ತನಿಧಿ ಕೇಂದ್ರ, ಕೊಪ್ಪಳ

ಹಿಂದೇಟು ಹಾಕಲಿಕ್ಕೆ ಕಾರಣ ಇದನ್ನ ರಕ್ತದಾನ ಅಂತ ತಿಳಕೊಂಡಿರೋದು. ರೆಫರಲ್ ಚೀಟಿಯ ತಲೆಗೆ "ಚಿಕಿತ್ಸೆಗಾಗಿ ರಕ್ತ ತೆಗೆಯುವುದು, ದಾನವಲ್ಲ, ಚೀಲ ನಾಶಪಡಿಸಬೇಕು" ಅಂತ ದೊಡ್ಡದಾಗಿ ಬರೀರಿ. ಡಯಾಗ್ನೋಸಿಸ್, ಎಷ್ಟು ಎಂಎಲ್, ಎಷ್ಟು ದಿನಕ್ಕೊಮ್ಮೆ, ಹಿಮೋಗ್ಲೋಬಿನ್ ಎಷ್ಟಕ್ಕೆ ನಿಲ್ಲಿಸಬೇಕು, ಇಷ್ಟೂ ನಿಮ್ಮ ಸಹಿಯೊಂದಿಗೆ ಇದ್ದರೆ ಒಪ್ಪುತ್ತಾರೆ. ಆಗಲೂ ಒಪ್ಪದಿದ್ದರೆ ವಾರ್ಡಿನಲ್ಲೇ ಮಾಡಬಹುದು. ಖಾಲಿ ಚೀಲ, ತೂಕದ ಯಂತ್ರ ಇದ್ದರೆ ಆಯಿತು.

ಪುಸ್ತಕದಲ್ಲಿ ಎರಡು ವಾರಕ್ಕೊಮ್ಮೆ 450 ಎಂಎಲ್ ಅಂತ ಇರ್ತದ. 54 ಕೆಜಿ ಮನುಷ್ಯ, ಲಿವರ್ ಹಿಂಗೈತಿ, 350ರ ಚೀಲವೇ ಸಾಕು. ಒಂದು ಗ್ರಾಂ ಹಿಮೋಗ್ಲೋಬಿನ್‌ನಲ್ಲಿ 3.4 ಮಿಗ್ರಾಂ ಕಬ್ಬಿಣ ಇರ್ತದ. 14.2 ಹಿಮೋಗ್ಲೋಬಿನ್‌ನಲ್ಲಿ 350 ಎಂಎಲ್ ಅಂದರೆ ಸುಮಾರು 50 ಗ್ರಾಂ, ಹಂಗಾಗಿ ಪ್ರತಿ ಸಲ 170 ಮಿಗ್ರಾಂ ಆಸುಪಾಸು ಕಬ್ಬಿಣ ಹೊರಗ ಹೋಗ್ತದ. ತೂಕದಲ್ಲಿ ಅಳೀರಿ: 350 ಎಂಎಲ್ ರಕ್ತ ಸುಮಾರು 370 ಗ್ರಾಂ, ಅದಕ್ಕೆ ಚೀಲ ಮತ್ತು ಒಳಗಿರೋ 49 ಎಂಎಲ್ ದ್ರಾವಣದ ತೂಕ ಕೂಡಿಸ್ಕೋರಿ. ಕಣ್ಣಂದಾಜಿನಲ್ಲಿ ನಿಲ್ಲಿಸಿದರೆ ಒಂದು ಸಲ ಕಡಿಮೆ, ಒಂದು ಸಲ ಜಾಸ್ತಿ ಆಗ್ತದ.

ಪಿಸಿಟಿ ರೋಗಿಯಲ್ಲಿ ಎಲ್ಲರೂ ಮರೆಯೋದು ಚರ್ಮ. ರಬ್ಬರ್ ಪಟ್ಟಿ ಬರಿಗೈಗೆ ಕಟ್ಟಬ್ಯಾಡ್ರಿ. ತೆಳ್ಳಗಿನ ಬಟ್ಟೆ ಸುತ್ತಿ ಮೇಲೆ ಬಿಪಿ ಕಫ್ ಹಾಕಿ 40ರಿಂದ 60ಕ್ಕೆ ನಿಲ್ಲಿಸ್ರಿ. ಸೂಜಿ ಹಿಡಿಸಲಿಕ್ಕೆ, ಮುಗಿದ ಮೇಲೆ ಹತ್ತಿ ನಿಲ್ಲಿಸಲಿಕ್ಕೆ ಅಂಟುಪಟ್ಟಿ ಬಳಸಬ್ಯಾಡ್ರಿ, ಕೀಳುವಾಗ ಚರ್ಮ ಅದರ ಜೊತಿಗೇ ಬರ್ತದ. ಗಾಜ್ ಇಟ್ಟು ರೋಲರ್ ಬ್ಯಾಂಡೇಜ್ ಸುತ್ತಿದರೆ ಸಾಕು. ಮೊಣಕೈ ಮಡಚು ಸಾಮಾನ್ಯವಾಗಿ ಚಲೋ ಇರ್ತದ, ಗುಳ್ಳೆ ಇರೋ ಹಿಂಗೈ ಕಡೆ ಹೋಗಲೇಬ್ಯಾಡ್ರಿ.

ಮೊದಲು ಅರ್ಧ ಲೀಟರ್ ನೀರು ಅಥವಾ ಮಜ್ಜಿಗೆ ಕುಡಿಸ್ರಿ, ಖಾಲಿ ಹೊಟ್ಟೆ ಬೇಡ. ಬೆಳಿಗ್ಗೆ ಮುಗಿಸ್ರಿ, ಅವತ್ತು ಹೊಲಕ್ಕೆ ಹೋಗಬಾರದು. ಪ್ರತಿ ಸಲ ಮೊದಲು ಹಿಮೋಗ್ಲೋಬಿನ್ ನೋಡಿ, 11ರ ಕೆಳಗೆ ಬಂದಿದ್ದರೆ ಒಂದೆರಡು ವಾರ ಮುಂದೂಡ್ರಿ. ಎರಡು ಸಲಕ್ಕೊಮ್ಮೆ ಫೆರಿಟಿನ್ ಮಾಡಿಸಿ, 100ರ ಕೆಳಗೆ ಬಂದ ಮೇಲೆ ಪ್ರತಿ ಸಲವೂ. 20ಕ್ಕೆ ಬಂದಾಗ ನಿಲ್ಲಿಸ್ರಿ. ಅದಕ್ಕಿಂತ ಮುಂದೆ ಹೋದರೆ ರಕ್ತಹೀನತೆ ಬರ್ತದ, ಆಮೇಲೆ ಯಾರೋ ಕಬ್ಬಿಣದ ಟಾನಿಕ್ ಬರೆದು ಮಾಡಿದ್ದೆಲ್ಲ ಹಾಳಾಗ್ತದ. ಹೊಟ್ಟೆಯಲ್ಲಿ ನೀರು ತುಂಬಿದ ರೋಗಿಗೆ ಇದು ಮಾಡಬಾರದು. ತುಂಬಿದ ಚೀಲವನ್ನು ಆಟೋಕ್ಲೇವ್ ಮಾಡಿ ಹಳದಿ ಚೀಲಕ್ಕೆ ಹಾಕಿ, ರಿಜಿಸ್ಟರ್‌ನಲ್ಲಿ ಬರೀರಿ.

ಉತ್ತರ: ಚರ್ಮರೋಗ ವಿಭಾಗ, ರಾಯಚೂರು

ವಾಟ್ಸ್‌ಆ್ಯಪ್ ಪಟ್ಟಿ ಅಕ್ಯೂಟ್ ಪಾರ್ಫಿರಿಯಾದವರಿಗೆ, ಅಂದರೆ ಹೊಟ್ಟೆನೋವು, ನರದೌರ್ಬಲ್ಯ, ಸೋಡಿಯಂ ಇಳಿಯುವ ದಾಳಿ ಬರುವ ಜಾತಿಗೆ. ಪಿಸಿಟಿಯಲ್ಲಿ ಆ ದಾಳಿ ಬರುವುದಿಲ್ಲ, ಆ ಪಟ್ಟಿಯೂ ಅನ್ವಯಿಸುವುದಿಲ್ಲ. ಇಲ್ಲಿ ನಿಲ್ಲಿಸಬೇಕಾದವು ಬೇರೆ: ಕುಡಿತ ಪೂರ್ತಿಯಾಗಿ, ಬೀಡಿ, ಕಬ್ಬಿಣದ ಮಾತ್ರೆ ಮತ್ತು "ರಕ್ತ ಹೆಚ್ಚುವ" ಇಂಜೆಕ್ಷನ್, ಹೆಂಗಸರಾದರೆ ಈಸ್ಟ್ರೋಜೆನ್ ಇರುವ ಮಾತ್ರೆ. ಆದರೆ ಒಂದು ಷರತ್ತು ಇದೆ. ವೇರಿಗೇಟ್ ಪಾರ್ಫಿರಿಯಾದಲ್ಲಿ ಚರ್ಮ ಥೇಟ್ ಹೀಗೇ ಇರುತ್ತದೆ, ಜೊತೆಗೆ ದಾಳಿಯೂ ಬರುತ್ತದೆ, ರಕ್ತ ತೆಗೆದರೆ ಉಪಯೋಗವೂ ಇಲ್ಲ. ಪ್ಲಾಸ್ಮಾ ಫ್ಲೋರೆಸೆನ್ಸ್ ಪರೀಕ್ಷೆಯಲ್ಲಿ ಪಿಸಿಟಿಯ ಶಿಖರ 620 ನ್ಯಾನೋಮೀಟರ್ ಹತ್ತಿರ, ವೇರಿಗೇಟ್‌ದು 624ರಿಂದ 628. ಪಿಬಿಜಿ ನಾರ್ಮಲ್ ಎಂದು ಕೈಗೆ ಬರುವವರೆಗೆ ಪಟ್ಟಿಯನ್ನು ಗಮನದಲ್ಲಿಡಿ, ಬಂದ ಮೇಲೆ ಬಿಟ್ಟುಬಿಡಿ.

ಪುಂಡಿಪಲ್ಯ, ಸಜ್ಜೆ ರೊಟ್ಟಿ ಬಿಡಿಸಬೇಡಿ. ಸೊಪ್ಪು ಕಾಳುಗಳ ಕಬ್ಬಿಣ ದೇಹಕ್ಕೆ ಸೇರುವುದು ಕಡಿಮೆ. ಊಟ ಕಟ್ಟುಮಾಡಿ ಸೊರಗಿಸುವುದರಿಂದ ಲಿವರ್‌ಗೆ ಕೆಟ್ಟದ್ದೇ.

ಬಿಸಿಲಿನ ವಿಷಯದಲ್ಲಿ ಮೆಡಿಕಲ್ ಶಾಪಿನ ಮಾಮೂಲಿ ಸನ್‌ಸ್ಕ್ರೀನ್ ಹಚ್ಚಿ ಗುಣ ಇಲ್ಲ ಎಂದು ಬಹಳ ಜನ ದೂರುತ್ತಾರೆ. ಪಾರ್ಫಿರಿನ್ ಕೆರಳುವುದು 400ರಿಂದ 410 ನ್ಯಾನೋಮೀಟರ್ ನೇರಳೆ ಬೆಳಕಿಗೆ. ಎಸ್‌ಪಿಎಫ್ ಅಂಕಿ ಹೇಳುವುದು ಮುಖ್ಯವಾಗಿ ಯುವಿಬಿ ತಡೆಯ ಬಗ್ಗೆ. ಈ ಬೆಳಕು ಕಿಟಕಿ ಗಾಜು, ಕಾರಿನ ಗಾಜು ದಾಟಿ ಬರುತ್ತದೆ. ಜಿಂಕ್ ಆಕ್ಸೈಡ್, ಟೈಟಾನಿಯಂ ಡೈಆಕ್ಸೈಡ್, ಐರನ್ ಆಕ್ಸೈಡ್ ಇರುವ, ಬಣ್ಣ ಕಾಣುವಂಥ ದಪ್ಪ ಕ್ರೀಮ್ ಸ್ವಲ್ಪ ತಡೆಯುತ್ತದೆ. ಐರನ್ ಎಂಬ ಹೆಸರು ಕೇಳಿ ಹೆದರಬೇಡಿ, ಚರ್ಮದ ಮೇಲಿನದ್ದು ಲಿವರ್‌ಗೆ ಹೋಗುವುದಿಲ್ಲ. ಎಲ್ಲಕ್ಕಿಂತ ಚೆನ್ನಾಗಿ ಕೆಲಸ ಮಾಡುವುದು ಒತ್ತು ನೇಯ್ಗೆಯ ತುಂಬುತೋಳಿನ ಅಂಗಿ, ಹತ್ತಿ ಕೈಗವಸು, ಅಗಲ ಅಂಚಿನ ಟೋಪಿ. ರಾಯಚೂರಿನ ಏಪ್ರಿಲ್, ಮೇ ತಿಂಗಳಲ್ಲಿ ಹತ್ತು ಗಂಟೆಯೊಳಗೆ ಕೆಲಸ ಮುಗಿಸಲು ಹೇಳಿ. ದೊಡ್ಡ ಗುಳ್ಳೆಯ ನೀರನ್ನು ಶುದ್ಧ ಸೂಜಿಯಿಂದ ತೆಗೆದು ಮೇಲಿನ ಚರ್ಮ ಹಾಗೇ ಬಿಡಿ. ರಕ್ತ ಬೆರೆತ ಗುಳ್ಳೆ, ಗಾಯ ಮುಟ್ಟುವವರು ಗ್ಲೌಸ್ ಹಾಕಿಕೊಳ್ಳಲಿ.

ಕ್ರಿಮಿನಾಶಕದ ಪ್ರಶ್ನೆ ಆಧಾರವಿಲ್ಲದ್ದಲ್ಲ. 1950ರ ದಶಕದ ಕೊನೆಯಲ್ಲಿ ಟರ್ಕಿಯ ಆಗ್ನೇಯ ಭಾಗದಲ್ಲಿ ಹೆಕ್ಸಾಕ್ಲೋರೋಬೆಂಜೀನ್ ಲೇಪಿಸಿದ ಬಿತ್ತನೆ ಗೋಧಿಯನ್ನು ಜನ ಬೀಸಿ ಉಂಡು ಸಾವಿರಾರು ಮಂದಿಗೆ ಪಾರ್ಫಿರಿಯಾ ಬಂತು. ಆ ರಾಸಾಯನಿಕ ಈಗ ಸ್ಟಾಕ್‌ಹೋಮ್ ಒಪ್ಪಂದದ ನಿಷೇಧ ಪಟ್ಟಿಯಲ್ಲಿದೆ. ಇವರಿಗೆ ವೈರಸ್, ಕುಡಿತ, ಬೀಡಿ ಮೂರೂ ಇರುವಾಗ ಹೊಲದ ಔಷಧಿಯನ್ನು ಕಾರಣ ಎನ್ನಲು ಆಧಾರ ಸಾಲದು. ಆದರೂ ಬಣ್ಣ ಲೇಪಿಸಿದ ಬಿತ್ತನೆ ಬೀಜ ಉಳಿದರೆ ಅಡುಗೆಗೆ, ದನಕ್ಕೆ, ಕೋಳಿಗೆ ಹಾಕಬಾರದು ಎಂದು ಮನೆಯವರಿಗೆ ಹೇಳಿ.

ಉತ್ತರ: ಫಿಸಿಷಿಯನ್, ಬಳ್ಳಾರಿ

ಮಾತ್ರೆ ಶುರು ಮಾಡುವ ಮುಂಚೆ ಇನ್ನೆರಡು. ಎಚ್‌ಬಿಎಸ್‌ಎಜಿ ನೆಗೆಟಿವ್ ಇದ್ದರೂ ಟೋಟಲ್ ಆ್ಯಂಟಿ ಎಚ್‌ಬಿಸಿ (ಹಿಂದೆ ಎಂದಾದರೂ ಹೆಪಟೈಟಿಸ್ ಬಿ ಬಂದಿತ್ತೇ ಎಂಬ ಪರೀಕ್ಷೆ) ಮಾಡಿಸಿ. ಸಿ ವೈರಸ್ ಅಡಗಿದಾಗ ಮಲಗಿದ್ದ ಬಿ ವೈರಸ್ ಏಳುವುದುಂಟು, ಅಮೆರಿಕದ ಎಫ್‌ಡಿಎ 2016ರಲ್ಲಿ ಈ ಮಾತ್ರೆಗಳ ಮೇಲೆ ಅತ್ಯಂತ ಗಂಭೀರ ಎಚ್ಚರಿಕೆ ಹಾಕಿಸಿತು. ಎಚ್‌ಬಿಎಸ್‌ಎಜಿ ಪಾಸಿಟಿವ್ ಇರುವವರಿಗೆ ಬಿ ವೈರಸ್ಸಿನ ಮಾತ್ರೆಯಾದ ಟೆನೊಫೊವಿರ್ ಜೊತೆಗೇ ಕೊಡಬೇಕಾಗುತ್ತದೆ. ಆ್ಯಂಟಿ ಎಚ್‌ಬಿಸಿ ಮಾತ್ರ ಪಾಸಿಟಿವ್ ಆದರೆ ತಿಂಗಳಿಗೊಮ್ಮೆ ಎಎಲ್‌ಟಿ ನೋಡಿದರೆ ಸಾಕು. ಎರಡೂ ನೆಗೆಟಿವ್ ಆದರೆ ಬಿ ಲಸಿಕೆ ಶುರು ಮಾಡಿ.

ಎರಡನೆಯದು, ಬೇರೆ ಮಾತ್ರೆಗಳನ್ನು ಕೇಳಿ ತಿಳಿಯಿರಿ. ಹೃದಯದ ಲಯಕ್ಕೆ ಕೊಡುವ ಅಮಿಯೊಡರೋನ್ ಜೊತೆ ಸೊಫೊಸ್ಬುವಿರ್ ಕೊಟ್ಟರೆ ಹೃದಯಬಡಿತ ಅಪಾಯಕಾರಿಯಾಗಿ ಇಳಿಯಬಹುದು. ಟಿಬಿಗೆ ರಿಫಾಂಪಿಸಿನ್ ನಡೆಯುತ್ತಿದ್ದರೆ ಈ ಮಾತ್ರೆ ಕೆಲಸ ಮಾಡುವುದಿಲ್ಲ. ಗ್ಯಾಸಿನ ಮಾತ್ರೆ ಎಲ್ಲರ ಮನೆಯಲ್ಲೂ ಇದೆ. ವೆಲ್ಪಟಾಸ್ವಿರ್ ಹೀರಿಕೊಳ್ಳಲು ಹೊಟ್ಟೆಯ ಆಮ್ಲ ಬೇಕು, ಒಮೆಪ್ರಜೋಲ್ ಬಗೆಯದು ನಿಲ್ಲಿಸಿ. ಬಿಡಲು ಆಗದೇ ಇದ್ದರೆ ವೆಲ್ಪಟಾಸ್ವಿರ್ ಅನ್ನು ಊಟದ ಜೊತೆ ನುಂಗಿ, ನಾಲ್ಕು ಗಂಟೆ ಬಿಟ್ಟು ಒಮೆಪ್ರಜೋಲ್ 20 ಮಿಗ್ರಾಂ, ಅದಕ್ಕಿಂತ ಹೆಚ್ಚಿಲ್ಲ. ನೋವಿಗೆ ಡೈಕ್ಲೋಫೆನಾಕ್ ಬೇಡ, ಪ್ಯಾರಾಸಿಟಮಾಲ್ ದಿನಕ್ಕೆ 2 ಗ್ರಾಂ ಒಳಗೆ.

ಪ್ಲೇಟ್‌ಲೆಟ್ 1.5 ಲಕ್ಷಕ್ಕಿಂತ ಕಡಿಮೆ ಇರುವುದರಿಂದ, ಸಿರೋಸಿಸ್ ಎಂದು ಬಂದರೆ ಅನ್ನನಾಳದ ಉಬ್ಬಿದ ರಕ್ತನಾಳ ನೋಡಲು ಎಂಡೋಸ್ಕೋಪಿ ಬಿಡುವಂತಿಲ್ಲ.

ಮಾತ್ರೆ ಮುಗಿದ 12 ವಾರಕ್ಕೆ ಆರ್‌ಎನ್‌ಎ. ಆ್ಯಂಟಿ ಎಚ್‌ಸಿವಿ ಮತ್ತೆ ಮಾಡಿಸಬೇಡಿ, ಅದು ಜೀವನಪೂರ್ತಿ ಪಾಸಿಟಿವ್ ಇರುತ್ತದೆ, ರೋಗ ಹೋಗಿಲ್ಲ ಎಂದು ಮನೆಯವರು ಕೊರಗುತ್ತಾರೆ. ಅದೇ ಹೊತ್ತಿಗೆ ಮೂತ್ರದ ಪಾರ್ಫಿರಿನ್, ಫೆರಿಟಿನ್ ನೋಡಿ. ವೈರಸ್ ಹೋಗಿಯೂ ಪಾರ್ಫಿರಿನ್ ಇಳಿಯದಿದ್ದರೆ ಕುಡಿತ ನಿಂತಿಲ್ಲ ಅಥವಾ ಕಬ್ಬಿಣ ಇನ್ನೂ ಇದೆ ಎಂದು ಅರ್ಥ, ಆಗ ಕೊಪ್ಪಳದವರು ಹೇಳಿದ ಕ್ರಮದಲ್ಲಿ ರಕ್ತ ತೆಗೆಯಿರಿ. ಗುಳ್ಳೆ ಏಳುವುದು ಕೆಲವು ತಿಂಗಳಲ್ಲಿ ನಿಲ್ಲುತ್ತದೆ, ಚರ್ಮ ಗಟ್ಟಿಯಾಗಲು ಅದಕ್ಕಿಂತ ಹೆಚ್ಚು ಕಾಲ ಬೇಕು, ಪಾರ್ಫಿರಿನ್ ಪೂರ್ತಿ ಇಳಿಯಲು ವರ್ಷವೇ ಹಿಡಿಯಬಹುದು.

ಇಲ್ಲಿಯೇ ರೋಗಿಗಳು ಕೈತಪ್ಪುವುದು. ಕೈ ಮಾಯ್ದ ಕೂಡಲೇ ಬರುವುದು ನಿಲ್ಲಿಸುತ್ತಾರೆ. ಚರ್ಮ ವಾಸಿಯಾದದ್ದು ಫೈಬ್ರೋಸಿಸ್ ಬಗ್ಗೆ ಏನನ್ನೂ ಹೇಳುವುದಿಲ್ಲ. ಸಿರೋಸಿಸ್ ಒಮ್ಮೆ ಇದ್ದರೆ ವೈರಸ್ ಹೋದ ಮೇಲೂ ಕ್ಯಾನ್ಸರ್ ಭಯ ಉಳಿದಿರುತ್ತದೆ, ಆರು ತಿಂಗಳಿಗೊಮ್ಮೆ ಸೋನೋಗ್ರಫಿ, ಎಎಫ್‌ಪಿ ಆಗಲೇಬೇಕು. ಈಗ ಕಂಡ ತೇಪೆಗಳ ಜಾಗ, ಅಳತೆ ಎಲ್ಲ ರೋಗಿಯ ಪುಸ್ತಕದಲ್ಲೇ ಬರೆದಿಡಿ, ಮುಂದಿನ ಸಲ ಬೇರೆ ಊರಿನಲ್ಲಿ ಸ್ಕ್ಯಾನ್ ಮಾಡುವವರು ಹೋಲಿಸಿ ನೋಡಲು ಬರುತ್ತದೆ. ಹೆಂಡತಿ ಮತ್ತು ಮಕ್ಕಳಿಗೂ ಹೆಪಟೈಟಿಸ್ ಸಿ ಪರೀಕ್ಷೆ ಈಗಲೇ ಮಾಡಿಸಿ. ಎಚ್‌ಪಿಎಲ್‌ಸಿ ರಿಪೋರ್ಟ್, ಸಿಟಿ ಬಂದ ಮೇಲೆ ಇಲ್ಲೇ ಹಾಕಿ.